ಯಾವುದರ ಮೇಲೆ ನಿಂತಿದೆ? ಯೂಕ್ಲಿಡ್‌ನ ಮೊದಲ ಭಾಗ ಓದಿದ ಅನುಭವ

ಯೂಕ್ಲಿಡ್‌ನ ‘ಎಲಿಮೆಂಟ್ಸ್’ ಕ್ರಿಸ್ತಪೂರ್ವ 300ರ ಸುಮಾರಿಗೆ ಅಲೆಕ್ಸಾಂಡ್ರಿಯಾದಲ್ಲಿ ರೂಪುಗೊಂಡ ಗ್ರೀಕ್ ಗ್ರಂಥ. ಒಟ್ಟು 13 ಭಾಗ. ಮೊದಲ ಭಾಗದಲ್ಲಿ 23 ವ್ಯಾಖ್ಯೆಗಳು, 5 ಆಧಾರ ಪ್ರತಿಜ್ಞೆಗಳು (ರೇಖಾಗಣಿತದಲ್ಲಿ ಸಾಧಿಸದೆ ಒಪ್ಪಿಕೊಂಡು ಹೊರಡುವ ಮಾತುಗಳು), 5 ಸ್ವಯಂಸಿದ್ಧಗಳು (ಸಮದಿಂದ ಸಮ ಕಳೆದರೆ ಉಳಿದದ್ದೂ ಸಮ ಎಂಬಂಥವು), ಆಮೇಲೆ ಇವುಗಳಿಂದ ಸಾಧಿಸುವ 48 ಪ್ರಮೇಯಗಳು. 47ನೆಯದು ನಾವೆಲ್ಲ ಪೈಥಾಗೊರಸ್ ಪ್ರಮೇಯ ಅಂತ ಕಲಿತದ್ದು. ಈ ಒಂದು ಭಾಗವನ್ನು ಒಂದು ಪ್ರಮೇಯವನ್ನೂ ಹಾರಿಸದೆ, ಪ್ರತಿ ಚಿತ್ರವನ್ನೂ ಕೈಯಾರೆ ಎಳೆದು ಓದಿ ಮುಗಿಸಬೇಕು ಅಂತ ಹೊರಟೆ. ಗಣಿತ ನನ್ನ ವೃತ್ತಿಯಲ್ಲ. ಶಾಲೆಯಲ್ಲಿ ದತ್ತ, ಸಾಧನೀಯ, ರಚನೆ, ಸಾಧನೆ ಅಂತ ನಾಲ್ಕು ತಲೆಬರಹ ಹಾಕಿ ಅಂಕ ತೆಗೆದುಕೊಂಡವರ ಪೈಕಿ ನಾನೂ ಒಬ್ಬ. ಆ ಸಾಧನೆ ಯಾವುದರ ಮೇಲೆ ನಿಂತಿದೆ, ಅದರ ಕೆಳಗಿರುವುದು ಯಾವುದರ ಮೇಲೆ ನಿಂತಿದೆ ಅಂತ ತಳದವರೆಗೂ ಇಳಿದು ನೋಡುವ ಆಸೆ ಮಾತ್ರ ಬಹಳ ವರ್ಷದಿಂದ ಇತ್ತು.

ಓದಿದ್ದು ಹೀತ್ ಅವರ 1908ರ ಇಂಗ್ಲಿಷ್ ಅನುವಾದ. 1880ರ ದಶಕದಲ್ಲಿ ಹೈಬರ್ಗ್ ಪರಿಷ್ಕರಿಸಿದ ಗ್ರೀಕ್ ಪಾಠ ಅದಕ್ಕೆ ಮೂಲ. ಜೊತೆಗೆ ಕೂತವರು ಹೈಸ್ಕೂಲಿನಲ್ಲಿ ನನಗೆ ಗಣಿತ ಹೇಳಿಕೊಟ್ಟ ಮೇಷ್ಟ್ರು. ಈಗ ನಿವೃತ್ತರಾಗಿ ಮೈಸೂರಿನಲ್ಲಿ ನಮ್ಮ ಮನೆಯ ಹತ್ತಿರವೇ ಇದ್ದಾರೆ. ಭಾನುವಾರ ಬೆಳಿಗ್ಗೆ ಅವರ ಮನೆ ಜಗುಲಿಯಲ್ಲಿ ಓದು.

ನಾವು ಹಾಕಿಕೊಂಡ ನಿಯಮಗಳು ಕಡಿಮೆ. ಒಂದು ಪ್ರಮೇಯದ ಸಾಧನೆಯಲ್ಲಿ ಅದಕ್ಕಿಂತ ಹಿಂದೆ ಬಂದದ್ದನ್ನು ಮಾತ್ರ ಬಳಸಬಹುದು. ಅಳತೆಪಟ್ಟಿಯಲ್ಲಿ ಗುರುತುಗಳಿಲ್ಲ, ಅದು ಗೆರೆ ಎಳೆಯುವುದಕ್ಕೆ ಮಾತ್ರ. ಕೈವಾರವನ್ನು ಕಾಗದದಿಂದ ಎತ್ತಿದರೆ ಅದರ ಕಾಲುಗಳು ಕೂಡಿಕೊಂಡುಬಿಡುತ್ತವೆ ಎಂದೇ ಭಾವಿಸಬೇಕು. ನೋಟ್‌ಬುಕ್ಕಿನ ಎಡಪುಟದಲ್ಲಿ ಚಿತ್ರ, ಬಲಪುಟದಲ್ಲಿ ‘ಇದು ಯಾವುದರ ಮೇಲೆ ನಿಂತಿದೆ’ ಎಂಬ ಪಟ್ಟಿ. ಸಾಧನೆಯಲ್ಲಿ ಎಲ್ಲಾದರೂ ಹಿಂದಿನ ಪ್ರಮೇಯಕ್ಕೂ ಸೇರದ, ಪ್ರತಿಜ್ಞೆಗೂ ಸೇರದ ಹೆಜ್ಜೆ ಕಂಡರೆ ಅದರ ಮುಂದೆ ‘ಕಣ್ಣು’ ಅಂತ ಬರೆಯುವುದು, ಅಂದರೆ ಚಿತ್ರ ನೋಡಿ ಒಪ್ಪಿಕೊಂಡದ್ದು ಎಂದು ಗುರುತು.

ಮೊದಲ ‘ಕಣ್ಣು’ ಮೊದಲ ಪ್ರಮೇಯದಲ್ಲೇ ಬಂತು. ಕೊಟ್ಟ ಎಬಿ ಗೆರೆಯ ಮೇಲೆ ಸಮಬಾಹು ತ್ರಿಭುಜ ರಚಿಸಬೇಕು. ಎ ಕೇಂದ್ರವಾಗಿ ಬಿ ಮೂಲಕ ಒಂದು ವೃತ್ತ, ಬಿ ಕೇಂದ್ರವಾಗಿ ಎ ಮೂಲಕ ಇನ್ನೊಂದು ವೃತ್ತ. ಎರಡೂ ಕೂಡುವ ಬಿಂದು ಸಿ. ಸಿಎ, ಸಿಬಿ ಸೇರಿಸಿದರೆ ಆಯಿತು. ಮೂರನೇ ಪ್ರತಿಜ್ಞೆ ವೃತ್ತ ಎಳೆಯಲು ಅಪ್ಪಣೆ ಕೊಡುತ್ತದೆ, ಮೊದಲನೆಯದು ಗೆರೆ ಎಳೆಯಲು. ಆದರೆ ಆ ಎರಡು ವೃತ್ತಗಳು ಒಂದನ್ನೊಂದು ಸೇರುತ್ತವೆ ಎಂದು ಐದು ಪ್ರತಿಜ್ಞೆಗಳಲ್ಲಿ ಯಾವುದೂ ಹೇಳುವುದಿಲ್ಲ.

ಮೇಷ್ಟ್ರಿಗೆ ಇದು ಹಿಡಿಸಲಿಲ್ಲ. “ಅಲ್ಲಯ್ಯ, ಕಣ್ಣೆದುರಿಗೇ ಸೇರ್ತಾ ಇದೆ. ಇನ್ನೇನು ಬೇಕು ನಿಂಗೆ?” ಅಂದರು.

“ಸಾರ್, ಸೇರದೇ ಇರೋ ಜಾಗ ಇರಬಹುದಾ ಅಂತ ನೋಡೋಣ” ಅಂದೆ. ಇದೆ. ಅಂಥ ಸಮತಲವನ್ನು ಕಟ್ಟುವುದು ಕಷ್ಟವೂ ಅಲ್ಲ. ನಿರ್ದೇಶಾಂಕಗಳು ಭಾಗಲಬ್ಧ ಸಂಖ್ಯೆಗಳಾಗಿರುವ, ಅಂದರೆ ಭಿನ್ನರಾಶಿಯಾಗಿ ಬರೆಯಬಹುದಾದ, ಬಿಂದುಗಳನ್ನು ಮಾತ್ರ ಇಟ್ಟುಕೊಂಡು ಉಳಿದ ಬಿಂದುಗಳನ್ನೆಲ್ಲ ಇಲ್ಲವೆಂದುಕೊಳ್ಳಿ. ಎ ಇರುವುದು (0, 0)ಯಲ್ಲಿ, ಬಿ (1, 0)ಯಲ್ಲಿ. ವೃತ್ತಗಳು ಕೂಡಬೇಕಾದ ಜಾಗದ ಎತ್ತರ 3ರ ವರ್ಗಮೂಲದ ಅರ್ಧ. ಅದು ಅಭಾಗಲಬ್ಧ, ಆದ್ದರಿಂದ ಆ ಬಿಂದುವೇ ಅಲ್ಲಿಲ್ಲ. ಎರಡು ವೃತ್ತಗಳೂ ಒಂದರೊಳಗೊಂದು ಹಾದುಹೋಗುತ್ತವೆ, ಎಲ್ಲಿಯೂ ಸಂಧಿಸುವುದಿಲ್ಲ. ಯೂಕ್ಲಿಡ್ ಹೇಳಿದ ಐದು ಪ್ರತಿಜ್ಞೆಗಳೂ ಅಲ್ಲಿ ಅಕ್ಷರಶಃ ನಡೆಯುತ್ತವೆ, ಅವನ ಮೊದಲ ಪ್ರಮೇಯ ಮಾತ್ರ ನಡೆಯುವುದಿಲ್ಲ. ಗೆರೆಗೆ ಎಲ್ಲಿಯೂ ಬಿರುಕಿಲ್ಲ ಎಂಬ ಒಂದು ನಂಬಿಕೆ ಬೇಕು, ಅವನು ಅದನ್ನು ಬಾಯಿಬಿಟ್ಟು ಹೇಳಿಲ್ಲ. ಎರಡು ಸಾವಿರ ವರ್ಷ ಕಳೆದು, 19ನೇ ಶತಮಾನದಲ್ಲಿ ಡೆಡೆಕಿಂಡ್ ಮತ್ತು ಕ್ಯಾಂಟರ್ ಎಂಬ ಗಣಿತಜ್ಞರು ಸಂಖ್ಯಾರೇಖೆಯ ಅಖಂಡತೆಯನ್ನು ಸ್ಪಷ್ಟವಾಗಿ ಬರೆಯುವವರೆಗೆ ಈ ಕೊರತೆ ಪೂರ್ತಿ ತುಂಬಲಿಲ್ಲ.

ಇದನ್ನು ಲೆಕ್ಕ ಹಾಕಿ ತೋರಿಸಿದ ಮೇಲೆ ಮೇಷ್ಟ್ರು ಬಹಳ ಹೊತ್ತು ಚಿತ್ರವನ್ನೇ ನೋಡುತ್ತಾ ಕೂತರು. ಆವತ್ತು ಎರಡನೇ ಪ್ರಮೇಯಕ್ಕೆ ಹೋಗಲಿಲ್ಲ.

ಎರಡನೆಯದು ನನಗೆ ಅತಿ ಪ್ರಿಯವಾದವುಗಳಲ್ಲಿ ಒಂದು. ಒಂದು ಕಡೆ ಇರುವ ಗೆರೆಯ ಉದ್ದವನ್ನು ಇನ್ನೊಂದು ಬಿಂದುವಿಗೆ ಒಯ್ಯುವುದು, ಅಷ್ಟೇ. ಶಾಲೆಯಲ್ಲಿ ಕೈವಾರ ಅಗಲಿಸಿ ಹಾಗೇ ಎತ್ತಿಕೊಂಡು ಹೋಗಿ ಇಡುತ್ತಿದ್ದೆವು. ಎತ್ತಿದ ಕೂಡಲೇ ಮುಚ್ಚಿಕೊಳ್ಳುವ ಕೈವಾರದಲ್ಲಿ ಅದು ಆಗದು. ಯೂಕ್ಲಿಡ್ ಆ ಬಿಂದುವಿನಿಂದ ಗೆರೆಯ ಒಂದು ತುದಿಗೆ ಸೇರಿಸಿ, ಅದರ ಮೇಲೆ ಸಮಬಾಹು ತ್ರಿಭುಜ ಕಟ್ಟಿ, ಅದರ ಎರಡು ಭುಜಗಳನ್ನು ಬೆಳೆಸಿ, ಮೊದಲು ಒಂದು ಸಣ್ಣ ವೃತ್ತ, ಆಮೇಲೆ ಒಂದು ದೊಡ್ಡ ವೃತ್ತ ಎಳೆದು, ಸಮವಾದ್ದರಿಂದ ಸಮವಾದ್ದನ್ನು ಕಳೆದು ಆ ಉದ್ದವನ್ನು ಬೇಕಾದಲ್ಲಿಗೆ ತರುತ್ತಾನೆ. ಎಳೆದು ಮುಗಿಸಿದಾಗ ಆದ ಸಂತೋಷ ದೊಡ್ಡದು. ಇಷ್ಟು ಸಣ್ಣ ಕೆಲಸಕ್ಕೆ ಇಷ್ಟು ಸುತ್ತು ಬಳಸಿದ್ದು, ಕೇಳದೆ ಏನನ್ನೂ ತೆಗೆದುಕೊಳ್ಳಬಾರದು ಎಂಬ ಹಟಕ್ಕಾಗಿ.

ಆ ಹಟ ನಾಲ್ಕನೆಯದರಲ್ಲಿ ಸಡಿಲವಾಗುತ್ತದೆ. ಎರಡು ಭುಜ ಮತ್ತು ಅವುಗಳ ನಡುವಿನ ಕೋನ ಸಮವಾದರೆ ತ್ರಿಭುಜಗಳು ಸರ್ವಸಮ, ನಾವು ಬಾ.ಕೋ.ಬಾ. ಅಂತ ಬರೆಯುತ್ತಿದ್ದದ್ದು. ಇದಕ್ಕೆ ಯೂಕ್ಲಿಡ್ ಕೊಡುವ ಸಾಧನೆ: ಒಂದು ತ್ರಿಭುಜವನ್ನು ಎತ್ತಿ ಇನ್ನೊಂದರ ಮೇಲೆ ಇಡು. ಎತ್ತುವುದಕ್ಕೆ ಯಾವ ಪ್ರತಿಜ್ಞೆ ಅಪ್ಪಣೆ ಕೊಟ್ಟಿತು? ಎತ್ತಿ ಇಡಬಹುದಾದರೆ ಎರಡನೇ ಪ್ರಮೇಯದಲ್ಲಿ ಅಷ್ಟು ಕಷ್ಟಪಟ್ಟದ್ದು ಏಕೆ? ಗೆರೆಯನ್ನೇ ಎತ್ತಿ ಇಟ್ಟುಬಿಡಬಹುದಿತ್ತಲ್ಲ! ಈ ಆಕ್ಷೇಪವನ್ನು 16ನೇ ಶತಮಾನದಲ್ಲೇ ಪೆಲೆಟಿಯೆ ಎಂಬ ಫ್ರೆಂಚ್ ವಿದ್ವಾಂಸ ಎತ್ತಿದ್ದ. ಯೂಕ್ಲಿಡ್‌ನಿಗೂ ಇದು ಇಷ್ಟವಿರಲಿಲ್ಲವೇನೋ. ಈ ಭಾಗದಲ್ಲಿ ನಾಲ್ಕು ಮತ್ತು ಎಂಟನೇ ಪ್ರಮೇಯ ಬಿಟ್ಟರೆ ಇನ್ನೆಲ್ಲೂ ಅವನು ಆಕೃತಿಗಳನ್ನು ಎತ್ತಿ ಇಡುವುದಿಲ್ಲ. 1899ರಲ್ಲಿ ಜರ್ಮನಿಯ ಗಟಿಂಗೆನ್‌ನಲ್ಲಿ ಗಣಿತಜ್ಞ ಹಿಲ್ಬರ್ಟ್ ರೇಖಾಗಣಿತವನ್ನು ಮತ್ತೆ ಬುಡದಿಂದ ಕಟ್ಟಿದಾಗ ಇದರ ತಿರುಳನ್ನು ಸಾಧಿಸಲು ಹೋಗದೆ ಪ್ರತಿಜ್ಞೆಯಾಗಿಯೇ ಇಟ್ಟುಕೊಂಡ. ನನಗೆ ಅದು ಸರಿ ಅನ್ನಿಸುತ್ತದೆ. ಸಾಧಿಸಲಾಗದ್ದನ್ನು ಸಾಧಿಸಿದಂತೆ ಬರೆಯುವುದಕ್ಕಿಂತ, ಇದನ್ನು ನಂಬಿ ಮುಂದೆ ಹೋಗುತ್ತೇನೆ ಎಂದು ಮೊದಲೇ ಹೇಳುವುದು ಹೆಚ್ಚು ಪ್ರಾಮಾಣಿಕ.

ಐದನೆಯದು, ಸಮದ್ವಿಬಾಹು ತ್ರಿಭುಜದ ಪಾದಕೋನಗಳು ಸಮ ಎಂಬುದು. ಇದನ್ನು ಮೇಷ್ಟ್ರು ಪುಸ್ತಕ ಮುಚ್ಚಿ, ತಾವು ಓದಿದ ಕಾಲದ ಅಕ್ಷರಗಳ ಸಮೇತ ಒಪ್ಪಿಸಿದರು. ಯೂಕ್ಲಿಡ್ ಭುಜಗಳನ್ನು ಪಾದದ ಕೆಳಕ್ಕೆ ಬೆಳೆಸಿ, ನಾಲ್ಕನೇ ಪ್ರಮೇಯವನ್ನು ಎರಡು ಸಲ ಬಳಸಿ ಇದನ್ನು ಸಾಧಿಸುತ್ತಾನೆ. ಕ್ರಿಸ್ತಶಕ 4ನೇ ಶತಮಾನದ ಗ್ರೀಕ್ ಗಣಿತಜ್ಞ ಪ್ಯಾಪಸ್‌ನದು ಇದಕ್ಕಿಂತ ಚಿಕ್ಕದು. ತ್ರಿಭುಜವನ್ನು ಅದರ ಜೊತೆಗೇ, ಎಡಬಲ ಬದಲಿಸಿ ಹೋಲಿಸು: ಈ ಭುಜ ಆ ಭುಜಕ್ಕೆ ಸಮ, ಆ ಭುಜ ಈ ಭುಜಕ್ಕೆ ಸಮ, ತುದಿಯ ಕೋನ ತನಗೆ ತಾನೇ ಸಮ. ಆದ್ದರಿಂದ ಪಾದಕೋನಗಳು ಸಮ. ಮುಗಿಯಿತು. ಮೇಷ್ಟ್ರು ಇದನ್ನು ಕೇಳಿರಲಿಲ್ಲ. “ಅಷ್ಟೇನಾ? ಇನ್ನೊಂದ್ಸಲ ಹೇಳು” ಅಂದರು. ಹೇಳಿದೆ. “ಮೂವತ್ತು ವರ್ಷ ಮಕ್ಕಳಿಗೆ ಆ ಉದ್ದದ್ದನ್ನೇ ಕಲಿಸಿದೆನಲ್ಲಯ್ಯ” ಅಂದರು, ಸಂತೋಷದಿಂದಲೇ.

ಆರನೆಯದರಲ್ಲಿ ಅಸಂಗತಿಯ ಮೂಲಕ ಸಾಧಿಸುವ ಕ್ರಮ ಮೊದಲ ಸಲ ಬರುತ್ತದೆ. ಒಪ್ಪದ ಮಾತನ್ನು ಸದ್ಯಕ್ಕೆ ಒಪ್ಪಿಕೊಂಡು, ಸಣ್ಣದು ದೊಡ್ಡದಕ್ಕೆ ಸಮ ಎಂಬಲ್ಲಿಗೆ ಹೋಗಿ ಮುಟ್ಟಿ, ಹಿಂದಕ್ಕೆ ಬರುವುದು. ಏಳರಿಂದ ಹದಿನೈದರವರೆಗೆ ಓದು ಸರಾಗ. ಕೋನ ಅರ್ಧಿಸುವುದು, ಲಂಬ ಎಳೆಯುವುದು, ಶೃಂಗಾಭಿಮುಖ ಕೋನಗಳು, ಶಾಲೆಯ ಪರಿಚಿತ ದಾರಿ.

ಈ ನಡುವೆ ಮೇಷ್ಟ್ರು ಒಂದು ಭಾನುವಾರ ಬೇಕೆಂದೇ ಒಂದು ಸಾಧನೆ ತಂದರು: ಎಲ್ಲ ತ್ರಿಭುಜಗಳೂ ಸಮದ್ವಿಬಾಹು! ರೌಸ್ ಬಾಲ್ ಎಂಬ ಇಂಗ್ಲಿಷ್ ಗಣಿತಜ್ಞ 1892ರಲ್ಲಿ ಗಣಿತ ವಿನೋದಗಳ ಪುಸ್ತಕದಲ್ಲಿ ಅಚ್ಚು ಹಾಕಿಸಿದ ಹಳೆಯ ಮೋಸ ಅದು. ಯಾವುದೇ ತ್ರಿಭುಜ ಎಬಿಸಿ ತೆಗೆದುಕೊಳ್ಳಿ. ಎ ಕೋನದ ಅರ್ಧಕ ಮತ್ತು ಬಿಸಿ ಪಾದದ ಲಂಬಾರ್ಧಕ ಒಂದು ಬಿಂದುವಿನಲ್ಲಿ ಸೇರುತ್ತವೆ. ಅಲ್ಲಿಂದ ಎಬಿ, ಎಸಿ ಭುಜಗಳಿಗೆ ಲಂಬ ಎಳೆಯಿರಿ. ಈಗ ಎರಡು ಜೊತೆ ಸರ್ವಸಮ ತ್ರಿಭುಜಗಳು. ಎಬಿಯ ಮೇಲಿನ ತುಂಡು ಎಸಿಯ ಮೇಲಿನ ತುಂಡಿಗೆ ಸಮ, ಕೆಳಗಿನ ತುಂಡು ಕೆಳಗಿನದಕ್ಕೆ ಸಮ. ಕೂಡಿಸಿದರೆ ಎಬಿ ಮತ್ತು ಎಸಿ ಸಮ. ಸಾಧನೆಯ ಸಾಲು ಸಾಲಿಗೂ ಕಾರಣವಿದೆ. ಒಂದೂ ಸುಳ್ಳಾಗಿ ಕಾಣುವುದಿಲ್ಲ.

ಕಾಗದದ ಮೇಲೆ ಕೈಬರಹದಲ್ಲಿ ಗೀಚಿದ ಚಿತ್ರವಾದ್ದರಿಂದ ಹಾಗೆ ಕಂಡಿತು. ಅಳತೆಪಟ್ಟಿ, ಕೈವಾರ ಹಿಡಿದು ಸರಿಯಾಗಿ ಎಳೆದೆವು. ಆ ಎರಡು ಗೆರೆಗಳು ಸೇರುವುದು ತ್ರಿಭುಜದ ಒಳಗಲ್ಲ, ಹೊರಗೆ, ಮೂರು ಶೃಂಗಗಳ ಮೂಲಕ ಹೋಗುವ ವೃತ್ತದ ಮೇಲೆ. ಅಲ್ಲಿಂದ ಇಳಿದ ಲಂಬಗಳಲ್ಲಿ ಒಂದು ಭುಜದ ಮೇಲೆಯೇ ಬೀಳುತ್ತದೆ, ಇನ್ನೊಂದು ಬೆಳೆಸಿದ ಭುಜದ ಮೇಲೆ, ಆಚೆಗೆ. ಹಾಗಾಗಿ ಒಂದು ಕಡೆ ತುಂಡುಗಳನ್ನು ಕೂಡಬೇಕು, ಇನ್ನೊಂದು ಕಡೆ ಕಳೆಯಬೇಕು. ಸಮತೆಗಳೆಲ್ಲ ನಿಜ. ಸುಳ್ಳಾದದ್ದು ಬಿಂದು ಒಳಗಿದೆ, ನಡುವೆ ಇದೆ ಎಂದುಕೊಂಡದ್ದು ಮಾತ್ರ.

‘ನಡುವೆ’, ‘ಒಳಗೆ’, ‘ಈ ಪಕ್ಕ’, ‘ಆ ಪಕ್ಕ’ ಎಂಬ ಮಾತುಗಳಿಗೆ ಯೂಕ್ಲಿಡ್‌ನ ಪ್ರತಿಜ್ಞೆಗಳಲ್ಲಿ ನೆಲೆಯೇ ಇಲ್ಲ ಎಂಬುದು ಆವತ್ತು ನನಗೆ ಮನದಟ್ಟಾಯಿತು. ಬಲಪುಟದ ‘ಕಣ್ಣು’ಗಳಲ್ಲಿ ಹೆಚ್ಚಿನವು ಇಂಥವೇ. 1882ರಲ್ಲಿ ಜರ್ಮನ್ ಗಣಿತಜ್ಞ ಮಾರಿಟ್ಸ್ ಪಾಶ್ ಇದನ್ನು ಹಿಡಿದು ಬರೆದ: ಒಂದು ಗೆರೆ ತ್ರಿಭುಜದ ಒಂದು ಭುಜವನ್ನು ದಾಟಿ ಒಳಗೆ ಹೋದರೆ, ಶೃಂಗದ ಮೂಲಕ ಹೋಗದಿದ್ದಲ್ಲಿ, ಉಳಿದೆರಡರಲ್ಲಿ ಒಂದು ಭುಜವನ್ನು ದಾಟಿಯೇ ಹೊರಗೆ ಬರಬೇಕು. ಇದನ್ನು ಹೇಳಬೇಕು ಎಂದು ಅವನಿಗೆ ಅನ್ನಿಸಿದ್ದೇ ದೊಡ್ಡದು. ಹಿಲ್ಬರ್ಟ್ ಇದನ್ನು ತನ್ನ ಪ್ರತಿಜ್ಞೆಗಳ ಎರಡನೇ ಗುಂಪಿನಲ್ಲಿ ಸೇರಿಸಿಕೊಂಡ. ಒಟ್ಟು ಐದು ಗುಂಪು: ಬಿಂದು ರೇಖೆಯ ಮೇಲಿರುವುದು, ನಡುವೆ ಇರುವುದು, ಸರ್ವಸಮತೆ, ಸಮಾಂತರತೆ, ಅಖಂಡತೆ. ಬಿಂದು, ರೇಖೆ, ಸಮತಲ ಅನ್ನುವ ಬದಲು ಮೇಜು, ಕುರ್ಚಿ, ಬಿಯರ್ ಲೋಟ ಅಂದರೂ ಸಾಧನೆ ಕೆಡಬಾರದು ಎಂದು ಹಿಲ್ಬರ್ಟ್ ಹೇಳುತ್ತಿದ್ದನಂತೆ. ಅಂದರೆ ಕಣ್ಣಿಗೆ ಕೆಲಸವೇ ಇರಬಾರದು.

ಹದಿನಾರನೆಯದಕ್ಕೆ ಬಂದಾಗ ನಮ್ಮ ಓದು ನಿಧಾನವಾಯಿತು. ತ್ರಿಭುಜದ ಬಾಹ್ಯಕೋನ ಅದರ ಅಂತರಾಭಿಮುಖ ಕೋನಗಳಲ್ಲಿ (ಅದಕ್ಕೆ ತಾಗದ ಎರಡು ಒಳಕೋನಗಳಲ್ಲಿ) ಯಾವುದಕ್ಕಿಂತಲೂ ದೊಡ್ಡದು ಎಂಬುದು ಈ ಪ್ರಮೇಯ. ಸಾಧನೆ ಸುಂದರವಾಗಿದೆ: ಒಂದು ಭುಜದ ಮಧ್ಯಬಿಂದುವಿಗೆ ಎದುರಿನ ಶೃಂಗದಿಂದ ಗೆರೆ ಎಳೆದು, ಅದನ್ನು ಅಷ್ಟೇ ದೂರ ಮುಂದಕ್ಕೆ ಬೆಳೆಸು. ಮೂಡುವ ಹೊಸ ತ್ರಿಭುಜ ಹಳೆಯದಕ್ಕೆ ಸರ್ವಸಮ. ಅದರ ಕೋನ ಬಾಹ್ಯಕೋನದ ಒಳಗೆ ಕೂರುತ್ತದೆ, ಆದ್ದರಿಂದ ಬಾಹ್ಯಕೋನ ದೊಡ್ಡದು. ‘ಒಳಗೆ ಕೂರುತ್ತದೆ’ ಎಂಬುದರ ಮುಂದೆ ನಾನು ‘ಕಣ್ಣು’ ಅಂತ ಬರೆದೆ.

ಮುಂದಿನ ವಾರ ಮೇಷ್ಟ್ರು ಮೊಮ್ಮಗನ ಚೆಂಡು ತಂದಿಟ್ಟಿದ್ದರು. ಗೋಳದ ಮೇಲೆ ನೇರ ಗೆರೆ ಎಂದರೆ ಕೇಂದ್ರದ ಸುತ್ತ ಹಾಯುವ ದೊಡ್ಡ ವೃತ್ತ, ಭೂಮಿಯ ಸಮಭಾಜಕದಂಥದು. ಚೆಂಡಿಗೆ ರಬ್ಬರ್ ಬ್ಯಾಂಡ್ ಹಾಕಿ ಮೂರು ಗೆರೆ ಮಾಡಿದೆವು. ಉತ್ತರ ಧ್ರುವ ಒಂದು ಶೃಂಗ. ಸಮಭಾಜಕದ ಮೇಲೆ 90 ಡಿಗ್ರಿ ಅಂತರದಲ್ಲಿ ಇನ್ನೆರಡು. ಈ ತ್ರಿಭುಜದ ಮೂರು ಕೋನಗಳೂ ಲಂಬಕೋನ. ಯಾವ ಭುಜವನ್ನು ಬೆಳೆಸಿದರೂ ಬಾಹ್ಯಕೋನವೂ ಲಂಬಕೋನವೇ, ದೊಡ್ಡದಾಗುವುದಿಲ್ಲ. ಹದಿನಾರನೇ ಪ್ರಮೇಯ ಚೆಂಡಿನ ಮೇಲೆ ಬಿದ್ದುಹೋಯಿತು. ಇನ್ನೂ ದೊಡ್ಡ ತ್ರಿಭುಜ ತೆಗೆದುಕೊಂಡು ಬೆಳೆಸಿದ ಗೆರೆ ಸುತ್ತಿಕೊಂಡು ಬಾಹ್ಯಕೋನದ ಹೊರಗೆ ಹೋಗಿ ನಿಲ್ಲುವುದನ್ನು ಬೆರಳಿಟ್ಟು ನೋಡಬಹುದು. ಗೆರೆಯನ್ನು ಎಷ್ಟು ಬೆಳೆಸಿದರೂ ಅದು ತಿರುಗಿ ಬರುವುದಿಲ್ಲ ಎಂಬುದು ಈ ಸಾಧನೆಯೊಳಗೆ ಸದ್ದಿಲ್ಲದೆ ಸೇರಿಕೊಂಡಿದೆ. ಕಾಗದದ ಮೇಲೆ ಬರೆದ ‘ಕಣ್ಣು’ ಎಂಬ ಗುರುತಿಗೆ ಹೀಗೆ ಕೈಯಲ್ಲಿ ಹಿಡಿಯುವ ಕಾರಣ ಸಿಕ್ಕಿತು.

ಇಪ್ಪತ್ತನೆಯದರ ಹತ್ತಿರ ನಮಗಿಬ್ಬರಿಗೂ ನಿಜವಾದ ವಾದ ಆಯಿತು. ತ್ರಿಭುಜದ ಯಾವ ಎರಡು ಭುಜಗಳ ಮೊತ್ತವೂ ಮೂರನೆಯದಕ್ಕಿಂತ ಹೆಚ್ಚು.

“ಇದಕ್ಕೂ ಸಾಧನೆನಾ?” ಅಂದರು ಮೇಷ್ಟ್ರು. “ದನಕ್ಕೂ ಗೊತ್ತು ಇದು. ಗದ್ದೆ ಅಡ್ಡ ಹಾಯ್ದು ಹೋಗುತ್ತೆ ಹೊರತು ಬದು ಸುತ್ತಿಕೊಂಡು ಹೋಗಲ್ಲ.”

“ಸಾರ್, ಇದೇ ಮಾತನ್ನ ಎಪಿಕ್ಯೂರಸ್‌ನ ಶಿಷ್ಯರು ಹೇಳಿದ್ದರಂತೆ” ಅಂದೆ. 5ನೇ ಶತಮಾನದ ಪ್ರೊಕ್ಲಸ್ ಮೊದಲ ಭಾಗಕ್ಕೆ ಬರೆದ ವ್ಯಾಖ್ಯಾನದಲ್ಲಿ ಅದು ದಾಖಲಾಗಿದೆ. ಕತ್ತೆಗೂ ತಿಳಿದ ವಿಷಯ ಇದು, ಹುಲ್ಲು ಒಂದು ತುದಿಯಲ್ಲಿಟ್ಟರೆ ಕತ್ತೆ ನೇರ ಭುಜದಲ್ಲಿ ನಡೆಯುತ್ತದೆ ಎಂದು ಅವರು ಆಡಿಕೊಂಡಿದ್ದರು. ಹೀಗಿದೆ ಎಂದು ಕಾಣುವುದು ಇಂದ್ರಿಯಗಳ ಕೆಲಸ, ಯಾಕೆ ಹೀಗಿದೆ ಎಂದು ಹೇಳುವುದು ಶಾಸ್ತ್ರದ ಕೆಲಸ ಎಂಬುದು ಪ್ರೊಕ್ಲಸ್ ಕೊಟ್ಟ ಉತ್ತರದ ಸಾರ.

“ಕಾರಣ ಗೊತ್ತಾಗಿ ಏನಾಗಬೇಕು? ಸತ್ಯ ಬದಲಾಗುತ್ತಾ?” ಅಂದರು.

ನಾನು ಬಲಪುಟ ತೆಗೆದೆ. 20ನೆಯದು 19ನೆಯದರ ಮೇಲೆ ನಿಂತಿದೆ, ಅದು 18ರ ಮೇಲೆ, ಅದು 16ರ ಮೇಲೆ. ಚೆಂಡಿನ ಮೇಲೆ 16 ಬಿದ್ದಿತ್ತು. ಅಂದ ಮೇಲೆ ಯೂಕ್ಲಿಡ್ ಕೊಟ್ಟ ಈ ಸಾಧನೆ ಚೆಂಡಿನ ಮೇಲೆ ನಡೆಯುವುದಿಲ್ಲ. ಆದರೆ ಗೋಳದ ಮೇಲೂ, ಪ್ರತಿ ಭುಜವಾಗಿ ಎರಡು ಬಿಂದುಗಳ ನಡುವಿನ ಚಿಕ್ಕ ಕಂಸವನ್ನು ತೆಗೆದುಕೊಂಡರೆ, ಎರಡು ಭುಜ ಸೇರಿ ಮೂರನೆಯದಕ್ಕಿಂತ ದೊಡ್ಡದೇ. ಅಲ್ಲಿ ಆ ಸತ್ಯಕ್ಕೆ ಬೇರೆ ಸಾಧನೆ ಬೇಕು. ಕತ್ತೆಗೆ ಎರಡು ಕಡೆಯೂ ಒಂದೇ ದಾರಿ ಕಾಣುತ್ತದೆ. ಸಾಧನೆ ಬರೆದವನಿಗೆ ಮಾತ್ರ ಎರಡು ಜಾಗಗಳ ವ್ಯತ್ಯಾಸ ಕಾಣುತ್ತದೆ. ಮೇಷ್ಟ್ರು ಇದನ್ನು ಪೂರ್ತಿ ಒಪ್ಪಿದರು ಎನ್ನಲಾರೆ. “ಮಕ್ಕಳಿಗೆ ಇದನ್ನ ಹೀಗೆ ಹೇಳೋಕಾಗಲ್ಲ” ಎಂದರು. ಅದೂ ನಿಜ. ಹದಿಮೂರು ವಯಸ್ಸಿನ ಮಗುವಿಗೆ ಕಣ್ಣಿಗೆ ಕಾಣುವುದನ್ನು ಸಾಧಿಸು ಎಂದರೆ ಸಾಧನೆ ಎಂಬುದೇ ಒಂದು ಶಿಕ್ಷೆಯಾಗಿ ತೋರುತ್ತದೆ. ಆ ವಿಷಯದಲ್ಲಿ ನಾನು ಅವರ ಪಕ್ಷ.

ಯೂಕ್ಲಿಡ್ 28 ಪ್ರಮೇಯಗಳವರೆಗೂ ಐದನೇ ಪ್ರತಿಜ್ಞೆಯನ್ನು ಮುಟ್ಟುವುದಿಲ್ಲ. ಎರಡು ಗೆರೆಗಳನ್ನು ಮೂರನೆಯದೊಂದು ಕತ್ತರಿಸಿದಾಗ ಒಂದು ಪಕ್ಕದ ಒಳಕೋನಗಳ ಮೊತ್ತ ಎರಡು ಲಂಬಕೋನಗಳಿಗಿಂತ ಕಡಿಮೆಯಾದರೆ, ಆ ಪಕ್ಕದಲ್ಲಿ ಅವು ಎಲ್ಲಾದರೂ ಸೇರುತ್ತವೆ ಎಂಬ ಆ ಉದ್ದದ ಮಾತು. ಉಳಿದ ನಾಲ್ಕೂ ಒಂದೊಂದು ಸಾಲಿನವು. ಇದೊಂದೇ ಪ್ರಮೇಯದಂತೆ ಕಾಣುತ್ತದೆ. ವಿಚಿತ್ರವೆಂದರೆ ಇದರ ವಿಲೋಮವನ್ನು 17ನೇ ಪ್ರಮೇಯದಲ್ಲಿ ಅವನೇ ಸಾಧಿಸುತ್ತಾನೆ. ಪರ್ಯಾಯ ಕೋನಗಳು ಸಮವಾದರೆ ಗೆರೆಗಳು ಸಮಾಂತರ ಎಂಬ 27ನೆಯದಕ್ಕೂ ಇದು ಬೇಡ. ಗೆರೆಗಳು ಸಮಾಂತರವಾದರೆ ಪರ್ಯಾಯ ಕೋನಗಳು ಸಮ ಎಂಬ 29ನೆಯದಕ್ಕೆ ಮಾತ್ರ ಬೇಕೇಬೇಕು. ಶಾಲೆಯಲ್ಲಿ ಈ ಎರಡನ್ನೂ ನಾವು ಒಂದೇ ಉಸಿರಿನಲ್ಲಿ ಹೇಳುತ್ತಿದ್ದೆವು. ಅವುಗಳ ನಡುವೆ ಇಂಥದ್ದೊಂದು ಗಡಿ ಇದೆ ಎಂದು ನನಗೆ ತಿಳಿದದ್ದು ಪ್ರತಿ ಪ್ರಮೇಯಕ್ಕೂ ಆಧಾರ ಬರೆಯುತ್ತಾ ಅಲ್ಲಿಗೆ ತಲುಪಿದಾಗಲೇ.

ಈ ಗಡಿಯನ್ನು ಅಳಿಸಲು ಎಷ್ಟು ಜನ ಜೀವನ ಸವೆಸಿದ್ದಾರೆ! ಪ್ರೊಕ್ಲಸ್ ಪ್ರಯತ್ನಿಸಿದ. ಒಮರ್ ಖಯ್ಯಾಮ್, 13ನೇ ಶತಮಾನದ ನಾಸಿರುದ್ದೀನ್ ತೂಸಿ ಪ್ರಯತ್ನಿಸಿದರು. (ತೂಸಿ ಸಿದ್ಧಪಡಿಸಿದ ಅರಬ್ಬಿ ಪಾಠವನ್ನೇ 18ನೇ ಶತಮಾನದ ಆದಿಯಲ್ಲಿ ಜೈಪುರದ ಸವಾಯಿ ಜೈಸಿಂಗ್‌ನಿಗಾಗಿ ಜಗನ್ನಾಥ ಸಾಮ್ರಾಟ್ ‘ರೇಖಾಗಣಿತ’ ಎಂದು ಸಂಸ್ಕೃತಕ್ಕೆ ತಂದದ್ದು.) ಇಟಲಿಯ ಪಾದ್ರಿ ಸಕ್ಕೇರಿ 1733ರಲ್ಲಿ ಐದನೇ ಪ್ರತಿಜ್ಞೆ ಸುಳ್ಳು ಎಂದುಕೊಂಡು ಹೊರಟು, ಅಸಂಗತಿ ಸಿಗುತ್ತದೆ ಎಂದು ಪುಟಗಟ್ಟಲೆ ನಡೆದ. ಸಿಕ್ಕಿದ್ದು ಅಸಂಗತಿಯಲ್ಲ, ಒಂದರ ಮೇಲೊಂದು ಹೊಸ ಪ್ರಮೇಯ. ಕೊನೆಗೆ ಇದು ನೇರ ಗೆರೆಯ ಸ್ವಭಾವಕ್ಕೆ ಒಗ್ಗುವುದಿಲ್ಲ ಎಂದು ಹೇಳಿ ನಿಲ್ಲಿಸಿದ. ತರ್ಕ ತೋರಿಸಿದ ದಾರಿಯನ್ನು ಅವನ ಮನಸ್ಸು ಒಪ್ಪಲಿಲ್ಲ. ಅವನ ಬಗ್ಗೆ ಓದುವಾಗ ನನಗೆ ಬಹಳ ಮರುಕ. ಹೊಸ ಜಗತ್ತಿನೊಳಗೆ ಅಷ್ಟು ದೂರ ನಡೆದು, ಅದು ಜಗತ್ತೆಂದು ಗುರುತಿಸದೆ ತಿರುಗಿ ಬಂದ. ಗುರುತಿಸಿದವರು ರಷ್ಯಾದ ಕಜಾನ್‌ನಲ್ಲಿ ಲೊಬಚೆವ್‌ಸ್ಕಿ, 1829ರಲ್ಲಿ. ಹಂಗೆರಿಯ ಯಾನೋಷ್ ಬೋಯಾಯಿ, 1832ರಲ್ಲಿ. ಆ ಗೋಜಿಗೆ ಹೋಗಬೇಡ ಎಂದು ಬೇಡಿಕೊಂಡಿದ್ದ ಅಪ್ಪನ ಪುಸ್ತಕದ ಕೊನೆಯಲ್ಲೇ ಅನುಬಂಧವಾಗಿ ಮಗನ ಬರಹ ಅಚ್ಚಾಯಿತು. 1868ರಲ್ಲಿ ಇಟಲಿಯ ಗಣಿತಜ್ಞ ಬೆಲ್ಟ್ರಾಮಿ, ಐದನೇ ಪ್ರತಿಜ್ಞೆ ನಡೆಯದ ಆ ಹೊಸ ರೇಖಾಗಣಿತಕ್ಕೆ ಯೂಕ್ಲಿಡ್‌ನ ರೇಖಾಗಣಿತದೊಳಗೇ ಮಾದರಿಗಳನ್ನು ಕಟ್ಟಿ ತೋರಿಸಿದ. ಒಂದರಲ್ಲಿ ಅಸಂಗತಿ ಇದ್ದರೆ ಇನ್ನೊಂದರಲ್ಲೂ ಇರಬೇಕು. ಐದನೇ ಪ್ರತಿಜ್ಞೆಯನ್ನು ಉಳಿದವುಗಳಿಂದ ಸಾಧಿಸಲು ಆಗುವುದಿಲ್ಲ ಎಂಬುದು ಹೀಗೆ ಗಟ್ಟಿಯಾಯಿತು. ಯೂಕ್ಲಿಡ್ ಅದನ್ನು ಪ್ರತಿಜ್ಞೆಯಾಗಿ ಇಟ್ಟದ್ದು ಸರಿಯೇ ಇತ್ತು.

ಇಲ್ಲಿಂದ ಮುಂದೆ ನೋಟ್‌ಬುಕ್ಕಿನಲ್ಲಿ ಐದನೇ ಪ್ರತಿಜ್ಞೆಯ ಮೇಲೆ ನಿಂತ ಪ್ರಮೇಯಗಳಿಗೆಲ್ಲ ಕೆಂಪು ಶಾಯಿ ಹಾಕುತ್ತಾ ಹೋದೆ. 29, 30 ಕೆಂಪು. 31, ಅಂದರೆ ಒಂದು ಬಿಂದುವಿನ ಮೂಲಕ ಸಮಾಂತರ ಗೆರೆ ಎಳೆಯುವುದು, ಕೆಂಪಲ್ಲ. ಅದಕ್ಕೆ 27 ಸಾಕು. ಎಳೆಯಬಹುದು ಎಂಬುದಕ್ಕೆ ಐದನೇ ಪ್ರತಿಜ್ಞೆ ಬೇಡ, ಒಂದೇ ಒಂದನ್ನು ಎಳೆಯಬಹುದು ಎಂಬುದಕ್ಕೆ ಬೇಕು. 32ರಿಂದ ಕೊನೆಯವರೆಗೆ ಎಲ್ಲ ಕೆಂಪು. ತ್ರಿಭುಜದ ಮೂರು ಕೋನಗಳ ಮೊತ್ತ ಎರಡು ಲಂಬಕೋನ ಎಂಬ 32ನೆಯದು ಅದರಲ್ಲಿ ಮುಖ್ಯ.

47ನೆಯದಕ್ಕೆ ಬರುವ ಹೊತ್ತಿಗೆ ಹಾಬ್ಸ್‌ನ ಕಥೆ ನೆನಪಿಟ್ಟುಕೊಂಡಿದ್ದೆ. ಇಂಗ್ಲೆಂಡಿನ ತತ್ತ್ವಜ್ಞ ಥಾಮಸ್ ಹಾಬ್ಸ್ ನಲವತ್ತು ವಯಸ್ಸಿನಲ್ಲಿ ಯಾರದೋ ಗ್ರಂಥಾಲಯದಲ್ಲಿ ತೆರೆದಿಟ್ಟ ಈ ಪ್ರಮೇಯ ನೋಡಿ, ಇದು ಸಾಧ್ಯವೇ ಇಲ್ಲ ಎಂದನಂತೆ. ಸಾಧನೆ ಓದಿದ. ಅದು ಹಿಂದಿನ ಪ್ರಮೇಯಕ್ಕೆ ಕಳಿಸಿತು, ಅದು ಅದರ ಹಿಂದಿನದಕ್ಕೆ. ಹೀಗೆ ಹಿಂದೆ ಹಿಂದೆ ಹೋಗಿ ಒಪ್ಪಿಕೊಂಡು, ರೇಖಾಗಣಿತಕ್ಕೆ ಮನಸೋತ ಎಂದು ಜಾನ್ ಆಬ್ರಿ ಬರೆದಿದ್ದಾನೆ. ನಾವು ಮುಂದಕ್ಕೆ ನಡೆದು ಬಂದವರು, ಆದರೆ 47 ಮುಗಿಸಿದ ದಿನ ಹಾಬ್ಸ್‌ನ ಹಾಗೆ ಹಿಂದಕ್ಕೂ ನಡೆದೆವು. ಲಂಬಕೋನ ಶೃಂಗದಿಂದ ಇಳಿಸಿದ ಲಂಬ ವಿಕರ್ಣದ ಮೇಲಿನ ವರ್ಗವನ್ನು ಎರಡು ಆಯತ ಮಾಡುತ್ತದೆ. ಒಂದೊಂದು ಆಯತವೂ ಒಂದೊಂದು ಸಣ್ಣ ವರ್ಗಕ್ಕೆ ಸಮ. ಅದಕ್ಕೆ 4 ಮತ್ತು 41 ಬೇಕು. 41ಕ್ಕೆ 37 ಮತ್ತು 34, 34ಕ್ಕೆ 29, 29ಕ್ಕೆ ಐದನೇ ಪ್ರತಿಜ್ಞೆ. ವರ್ಗ ಕಟ್ಟಲು ಬೇಕಾದ 46ನೆಯದೂ ಕೊನೆಗೆ ಅಲ್ಲಿಗೇ ಹೋಗಿ ಮುಟ್ಟುತ್ತದೆ.

ಮುಗಿದ ಮೇಲೆ ‘ಕಣ್ಣು’ಗಳ ಪಟ್ಟಿಯನ್ನೆಲ್ಲ ಒಂದು ಕಡೆ ಬರೆದು ನೋಡಿದೆ. ಅವುಗಳಲ್ಲಿ ಒಂದು ಕ್ರಮವಿದೆ. ಈ ಗೆರೆ ಆ ಗೆರೆಗೆ ಸಮ ಎಂದು ಯೂಕ್ಲಿಡ್ ಚಿತ್ರ ನೋಡಿ ಒಮ್ಮೆಯೂ ಹೇಳುವುದಿಲ್ಲ. ಒಳಗೆ, ಹೊರಗೆ, ದಾಟುತ್ತದೆ ಎಂಬುದನ್ನು ಮಾತ್ರ ಚಿತ್ರದಿಂದ ತೆಗೆದುಕೊಳ್ಳುತ್ತಾನೆ. ಗೆರೆ ಸ್ವಲ್ಪ ಅಲ್ಲಾಡಿದರೂ ಉಳಿಯುವ ಸಂಗತಿಗಳು ಅವು. ಇದನ್ನು ಕೆನ್ ಮ್ಯಾಂಡರ್ಸ್ ಎಂಬ ತತ್ತ್ವಶಾಸ್ತ್ರಜ್ಞ 1995ರಲ್ಲಿ ಬರೆದು 2008ರಲ್ಲಿ ಅಚ್ಚಾದ ಪ್ರಬಂಧದಲ್ಲಿ ವಿವರಿಸಿದ್ದಾರೆ. ಅವಿಗಾಡ್, ಡೀನ್, ಮಮ್ಮ ಮೂವರು 2009ರಲ್ಲಿ ಆ ವಿವೇಕವನ್ನೇ ನಿಯಮಗಳಾಗಿ ಬರೆದರು. 2019ರಲ್ಲಿ ಬೀಸನ್, ನಾರ್ಬೂ, ವೀಡೈಕ್ ಬಿಟ್ಟುಹೋದ ಪ್ರತಿಜ್ಞೆಗಳನ್ನು ಸೇರಿಸಿ, ಮೊದಲ ಭಾಗದ 48 ಪ್ರಮೇಯಗಳನ್ನೂ ಕಂಪ್ಯೂಟರಿನಿಂದ ಪರೀಕ್ಷೆ ಮಾಡಿಸಿದರು. ಹಿಲ್ಬರ್ಟ್ ಕಣ್ಣನ್ನು ಹೊರಗಿಟ್ಟ. ಮ್ಯಾಂಡರ್ಸ್ ಮತ್ತು ಅವಿಗಾಡ್ ಜೊತೆಯವರು ಕಣ್ಣು ಎಷ್ಟನ್ನು ಹೇಳಬಹುದು ಎಂಬುದಕ್ಕೆ ಗಡಿ ಹಾಕಿದರು. ನನ್ನ ಒಲವು ಎರಡನೆಯದರ ಕಡೆಗೆ, ಏಕೆಂದರೆ ಎರಡು ಸಾವಿರ ವರ್ಷ ಜನ ಚಿತ್ರ ನೋಡಿಕೊಂಡೇ ಓದಿದರೂ ಈ ಭಾಗದ ಒಂದು ಪ್ರಮೇಯವೂ ಸುಳ್ಳಾಗಲಿಲ್ಲ. ಅದು ಆಕಸ್ಮಿಕವಾಗಿ ಆಗುವಂಥದ್ದಲ್ಲ.

ಮೇಷ್ಟ್ರು ಕೊನೆಗೊಂದು ಪ್ರಶ್ನೆ ಇಟ್ಟರು. “ನಮ್ಮ ಭಾಸ್ಕರಾಚಾರ್ಯ ಇದನ್ನೇ ನಾಲ್ಕು ಗೆರೆಯಲ್ಲಿ ತೋರಿಸಿದಾನಲ್ಲ. ಅದಕ್ಕೆ ಯಾವ ಶಾಯಿ ಹಾಕ್ತೀಯ?”

1114ರಲ್ಲಿ ಹುಟ್ಟಿದ ಎರಡನೇ ಭಾಸ್ಕರ ತನ್ನ ಬೀಜಗಣಿತದಲ್ಲಿ ಕೇಳುತ್ತಾನೆ: ಭುಜ 15, ಕೋಟಿ 20 ಇದ್ದರೆ ಕರ್ಣ ಎಷ್ಟು? (ಲಂಬಕೋನದ ಎರಡು ಬದಿಗಳು ಭುಜ, ಕೋಟಿ; ಮೇಲೆ ವಿಕರ್ಣ ಅಂದದ್ದೇ ಇಲ್ಲಿ ಕರ್ಣ.) ರೂಢಿಯಲ್ಲಿರುವ ಈ ಲೆಕ್ಕಕ್ಕೆ ಉಪಪತ್ತಿಯನ್ನೂ, ಅಂದರೆ ಸಾಧನೆಯನ್ನೂ, ಹೇಳು. ಅಂಥ ನಾಲ್ಕು ತ್ರಿಭುಜಗಳನ್ನು, ಕರ್ಣಗಳು ಹೊರಗೆ ಬರುವಂತೆ, ಸುತ್ತ ಜೋಡಿಸಬೇಕು. ನಡುವೆ 5 ಬದಿಯ ಸಣ್ಣ ವರ್ಗ ಉಳಿಯುತ್ತದೆ. ಒಂದು ತ್ರಿಭುಜ 150, ನಾಲ್ಕಕ್ಕೆ 600, ನಡುವಿನದು 25. ಒಟ್ಟು 625, ಅಂದರೆ ಕರ್ಣ 25. 1545ರಲ್ಲಿ ಲೀಲಾವತಿಗೆ ವ್ಯಾಖ್ಯಾನ ಬರೆದ ಗಣೇಶ ದೈವಜ್ಞನೂ ಇಂಥ ಉಪಪತ್ತಿಗಳನ್ನು ಕೊಡುತ್ತಾನೆ.

ಕಾಗದ ಕತ್ತರಿಸಿ ಜೋಡಿಸಿದೆವು. ಹೊರಗಿನ ಆಕೃತಿ ವರ್ಗ ಎಂದು ಹೇಗೆ ಗೊತ್ತು? ನಾಲ್ಕು ಬದಿಗಳೂ ಕರ್ಣಗಳೇ, ಆದ್ದರಿಂದ ಸಮ. ಮೂಲೆ ಲಂಬಕೋನ ಹೇಗೆ? ಒಂದು ತ್ರಿಭುಜದ ಸಣ್ಣ ಕೋನವೂ ಪಕ್ಕದ ತ್ರಿಭುಜದ ದೊಡ್ಡ ಲಘುಕೋನವೂ ಅಲ್ಲಿ ಕೂಡುತ್ತವೆ. ಅವೆರಡು ಸೇರಿ ಒಂದು ಲಂಬಕೋನ ಆಗಬೇಕಾದರೆ ತ್ರಿಭುಜದ ಕೋನಗಳ ಮೊತ್ತ ಎರಡು ಲಂಬಕೋನ ಆಗಿರಬೇಕು. ಅದು 32ನೇ ಪ್ರಮೇಯ.

“ಹಾಗಾದರೆ ಕೆಂಪೇ” ಅಂದರು ಮೇಷ್ಟ್ರು.

“ಕೆಂಪೇ ಸಾರ್.”

ಕ್ಷೇತ್ರಫಲವನ್ನು ಕತ್ತರಿಸಿ ಜೋಡಿಸಿ ಕಂಡುಕೊಂಡ ಪರಂಪರೆಯೂ, ಪ್ರತಿಜ್ಞೆಯಿಂದ ಪ್ರಮೇಯಕ್ಕೆ ಹೆಜ್ಜೆ ಎಣಿಸಿ ನಡೆದ ಪರಂಪರೆಯೂ ಈ ಒಂದು ವಿಷಯದಲ್ಲಿ ಒಂದೇ ತಳಕ್ಕೆ ಹೋಗಿ ನಿಲ್ಲುತ್ತವೆ. ಹಾಗೆ ನಿಲ್ಲಲೇಬೇಕು. ಉಳಿದ ಪ್ರತಿಜ್ಞೆಗಳ ಜೊತೆ ಪೈಥಾಗೊರಸ್ ಪ್ರಮೇಯವನ್ನು ಒಪ್ಪಿಕೊಂಡರೆ ಐದನೇ ಪ್ರತಿಜ್ಞೆಯೇ ಅದರಿಂದ ಹೊರಬರುತ್ತದೆ ಎಂದು ಈಗ ತಿಳಿದಿದೆ. ಆ ಸಾಧನೆಯನ್ನು ಇನ್ನೂ ನಾವು ಕೈಯಾರೆ ಮಾಡಿಲ್ಲ. ಅದನ್ನು ಮುಗಿಸಿಕೊಂಡು ಎರಡನೇ ಭಾಗಕ್ಕೆ ಹೋಗುವುದು ಎಂದು ತೀರ್ಮಾನವಾಗಿದೆ. ಅಲ್ಲಿ 12, 13ನೇ ಪ್ರಮೇಯಗಳು ಲಂಬಕೋನವಿಲ್ಲದ ತ್ರಿಭುಜಗಳಿಗೆ ಇದೇ 47ನೆಯದನ್ನು ಬೆಳೆಸುತ್ತವೆ.